ಪ್ಯಾಕೆಟ್ ಎಲ್ಲಿ ನಿಂತಿತು? ಲ್ಯಾಬಿನಲ್ಲಿ ಐಪಿ ವಿಳಾಸ ಮತ್ತು ರೂಟಿಂಗ್ ದೋಷ ಪತ್ತೆ

ಕಂಪ್ಯೂಟರ್ ಲ್ಯಾಬಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಮಾತು ‘ಸರ್, ನೆಟ್ ಬರುತ್ತಿಲ್ಲ’. ಆ ಮಾತಿನಿಂದ ದೋಷದ ಬಗ್ಗೆ ಏನೂ ತಿಳಿಯುವುದಿಲ್ಲ. ಕೇಬಲ್ ಸಡಿಲವಾಗಿದ್ದರೂ ಅದೇ ಮಾತು, ಮಾಸ್ಕ್ ತಪ್ಪಾಗಿದ್ದರೂ ಅದೇ ಮಾತು, ಅಂಕೋಲಾ ಹತ್ತಿರ ಹೆದ್ದಾರಿ ಬದಿ ಅಗೆಯುವಾಗ ಫೈಬರ್ ತುಂಡಾದರೂ ಅದೇ ಮಾತು. ಕಾರವಾರದಲ್ಲಿ ವಿದ್ಯಾರ್ಥಿಗಳಿಗೆ ನೆಟ್‌ವರ್ಕ್ ಪಾಠ ಹೇಳುವ ನನಗೆ, ವಿಳಾಸ ಮತ್ತು ರೂಟಿಂಗ್ ಕಲಿಸಲು ಕೆಟ್ಟುಹೋದ ಜಾಲಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ ಎಂಬುದು ದೃಢವಾದ ನಂಬಿಕೆ. ಸರಿಯಾಗಿ ನಡೆಯುವ ಜಾಲ ತನ್ನ ಒಳಗನ್ನು ತೋರಿಸುವುದಿಲ್ಲ. ಕೆಟ್ಟಾಗ ಮಾತ್ರ ಪ್ರತಿಯೊಂದು ಯಂತ್ರ ಏನು ಯೋಚಿಸಿತು ಎಂಬುದನ್ನು ಓದಬಹುದು.

ಓದುವುದು ಹೇಗೆ ಎಂಬುದಕ್ಕೆ ಒಂದೇ ಆಧಾರ ಸಾಕು. ಪ್ಯಾಕೆಟ್, ಅಂದರೆ ಜಾಲದಲ್ಲಿ ಹೋಗುವ ಮಾಹಿತಿಯ ತುಣುಕು, ಸಾಗುವ ಪೂರ್ತಿ ದಾರಿ ಯಾವ ಯಂತ್ರಕ್ಕೂ ಗೊತ್ತಿರುವುದಿಲ್ಲ. ವಿದ್ಯಾರ್ಥಿಯ ಕಂಪ್ಯೂಟರ್ ಆಗಲಿ, ಜಾಲದಿಂದ ಜಾಲಕ್ಕೆ ಪ್ಯಾಕೆಟ್ ದಾಟಿಸುವ ನಡುವಿನ ದೊಡ್ಡ ರೂಟರ್ ಆಗಲಿ, ತನ್ನ ಕೈಗೆ ಬಂದ ಪ್ಯಾಕೆಟ್ಟಿನ ಗುರಿ ವಿಳಾಸವನ್ನು ನೋಡಿ ಕೇಳಿಕೊಳ್ಳುವುದು ಇಷ್ಟೇ: ಇದು ನಾನಿರುವ ಜಾಲದ್ದೇ? ಹೌದಾದರೆ ನೇರವಾಗಿ ಕೊಡುತ್ತೇನೆ. ಅಲ್ಲವಾದರೆ ಮುಂದೆ ಯಾರಿಗೆ ಒಪ್ಪಿಸಬೇಕು? ಈ ಬರಹದಲ್ಲಿ ಬರುವ ಹೆಚ್ಚಿನ ದೋಷಗಳು, ಯಾವುದೋ ಒಂದು ಜಾಗದಲ್ಲಿ ಈ ಪ್ರಶ್ನೆಗೆ ಸಿಕ್ಕ ತಪ್ಪು ಉತ್ತರದಿಂದ ಹುಟ್ಟಿದವು. ಆ ಜಾಗ ಯಾವುದೆಂದು ಹುಡುಕುವುದೇ ಪತ್ತೆಯ ಕೆಲಸ.

ಮೊದಲು ಕೇಳಬೇಕಾದದ್ದು

ರೂಟರ್ ಆರಿಸಿ ಮತ್ತೆ ಹಚ್ಚುವ ಅಭ್ಯಾಸವನ್ನು ವಿದ್ಯಾರ್ಥಿಗಳಿಂದ ಮೊದಲ ವಾರದಲ್ಲೇ ಬಿಡಿಸಬೇಕು. ಹಾಗೆ ಮಾಡಿದರೆ ಕೆಲವೊಮ್ಮೆ ಜಾಲ ಸರಿಹೋಗುತ್ತದೆ ನಿಜ, ಆದರೆ ಯಾಕೆ ಕೆಟ್ಟಿತ್ತು ಎಂಬ ಪುರಾವೆ ಅಳಿಸಿಹೋಗುತ್ತದೆ. ಮುಂದಿನ ವಾರ ಅದೇ ದೋಷ ಮರಳಿದಾಗ ಯಾರ ಬಳಿಯೂ ಏನೂ ಇರುವುದಿಲ್ಲ. ಆದ್ದರಿಂದ ಯಾವುದನ್ನೂ ಮುಟ್ಟುವ ಮೊದಲು ಕೇಳಿ: ಒಂದೇ ಯಂತ್ರಕ್ಕೆ ಬರುತ್ತಿಲ್ಲವೇ, ಒಂದು ಸಾಲಿಗೆ ಬರುತ್ತಿಲ್ಲವೇ, ಎಲ್ಲರಿಗೂ ಇಲ್ಲವೇ? ಎಲ್ಲ ತಾಣಗಳೂ ತೆರೆಯುತ್ತಿಲ್ಲವೇ, ಒಂದು ಮಾತ್ರವೇ? ಲ್ಯಾಬಿನ ಒಳಗಿನ ಪ್ರಿಂಟರ್ ಸಿಗುತ್ತಿದೆಯೇ? ಉತ್ತರಗಳನ್ನು ಬರೆದುಕೊಳ್ಳಲಿ. ಒಂದು ಸಾಲಿಗೆ ಮಾತ್ರ ಇಲ್ಲದಿದ್ದರೆ ಆ ಸಾಲಿನ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ನೋಡಬೇಕು. ಇಡೀ ಕಟ್ಟಡಕ್ಕೆ ಇಲ್ಲದಿದ್ದರೆ ಒಂದೊಂದೇ ಕಂಪ್ಯೂಟರ್ ಕೆದಕುವುದು ವ್ಯರ್ಥ ಶ್ರಮ.

ಕರಾವಳಿಯಲ್ಲಿ ತಂತಿಯ ದೋಷವನ್ನು ಹಗುರಾಗಿ ಕಾಣುವಂತಿಲ್ಲ. ಕಡಲ ಹತ್ತಿರದ ಕಟ್ಟಡಗಳಲ್ಲಿ ಉಪ್ಪುಗಾಳಿಗೆ ಕೇಬಲ್ ತುದಿಯ ಕನೆಕ್ಟರ್‌ಗಳ ಲೋಹದ ಹಲ್ಲುಗಳು ಕಿಲುಬು ಹಿಡಿಯುತ್ತವೆ. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಹಾಗಾಗಿ ಕಿಲುಬು ಹಿಡಿದ ಕೇಬಲ್ ಪೂರ್ತಿ ಸಾಯದೆ, ವೇಗ ಕಳೆದುಕೊಂಡು, ಆಗೀಗ ಪ್ಯಾಕೆಟ್ ಬೀಳಿಸುತ್ತಾ ದಿನ ದೂಡುತ್ತದೆ. ಗಿಗಾಬಿಟ್ ಇರಬೇಕಾದ ಕೊಂಡಿ 100 ಎಂದು ತೋರಿಸಿದರೆ ವಿಳಾಸ ನೋಡುವ ಮೊದಲೇ ಕೇಬಲ್ ಬದಲಿಸಿ ನೋಡಿ.

ಯಂತ್ರದ ಸ್ವಂತ ವಿಳಾಸ ಏನು ಹೇಳುತ್ತದೆ

ತಂತಿ ಸರಿ ಇದ್ದರೆ, ವಿಂಡೋಸ್‌ನಲ್ಲಿ ಐಪಿಕಾನ್‌ಫಿಗ್ ಆಜ್ಞೆಗೆ ‘ಆಲ್’ ಸೇರಿಸಿ ಕೊಡಬೇಕು. ಬರುವ ಸಾಲುಗಳಲ್ಲಿ ಐದನ್ನು ವಿದ್ಯಾರ್ಥಿ ಕೈಯಿಂದ ಬರೆದುಕೊಳ್ಳಲಿ: ಐಪಿ ವಿಳಾಸ, ಮಾಸ್ಕ್ (ವಿಳಾಸದಲ್ಲಿ ಜಾಲದ ಭಾಗ ಎಷ್ಟೆಂದು ಹೇಳುವುದು), ಗೇಟ್‌ವೇ (ಹೊರಜಾಲದ ಪ್ಯಾಕೆಟ್ ಒಪ್ಪಿಸಬೇಕಾದ ರೂಟರ್), ಡಿಎಚ್‌ಸಿಪಿ ಸರ್ವರ್ (ಯಂತ್ರಗಳಿಗೆ ವಿಳಾಸ ಹಂಚುವುದು), ಡಿಎನ್‌ಎಸ್ ಸರ್ವರ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು). ಪರದೆ ನೋಡಿ ‘ಸರಿ ಇದೆ’ ಎನ್ನುವುದಕ್ಕೂ ಅಂಕಿಗಳನ್ನು ಬರೆಯುವುದಕ್ಕೂ ಬಹಳ ಅಂತರವಿದೆ. ಬರೆಯುವಾಗ ಕಣ್ಣು ಪ್ರತಿ ಅಂಕಿಯ ಮೇಲೂ ನಿಲ್ಲುತ್ತದೆ.

ವಿಳಾಸ 169.254 ಎಂದು ಶುರುವಾದರೆ, ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರವೇ ಬಂದಿಲ್ಲ, ಯಂತ್ರ ತಾನಾಗಿಯೇ ಒಂದು ವಿಳಾಸ ಆರಿಸಿಕೊಂಡಿದೆ ಎಂದರ್ಥ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಕೂಡಲೇ ಇದು ಸಾಲು ಸಾಲಾಗಿ ಕಾಣಿಸುತ್ತದೆ, ಅದಕ್ಕೆ ಕಾರಣವೂ ಇದೆ. ಕರೆಂಟ್ ಬಂದಾಗ ಕಂಪ್ಯೂಟರ್, ಸ್ವಿಚ್, ರೂಟರ್ ಎಲ್ಲವೂ ಒಟ್ಟಿಗೆ ಏಳುತ್ತವೆ. ಸ್ವಿಚ್‌ಗಳ ನಡುವೆ ಸಂಚಾರ ಸುತ್ತದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ಪದ್ಧತಿಯ ಸ್ವಿಚ್ ತನ್ನ ಪೋರ್ಟನ್ನು ಸಂಚಾರಕ್ಕೆ ಬಿಡುವ ಮೊದಲು 15 ಸೆಕೆಂಡಿನ ಎರಡು ಹಂತ, ಅಂದರೆ ಒಟ್ಟು 30 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ವಿಳಾಸ ಕೇಳಿ ಕೇಳಿ ಸುಮ್ಮನಾಗಿರುತ್ತದೆ. ವಿಂಡೋಸ್ ಐದೈದು ನಿಮಿಷಕ್ಕೊಮ್ಮೆ ಮತ್ತೆ ಕೇಳುವುದರಿಂದ ಎಷ್ಟೋ ಬಾರಿ ಯಾರೂ ಏನೂ ಮಾಡದೆಯೇ ಸರಿಹೋಗುತ್ತದೆ. ಕಾಯಲು ಸಮಯವಿಲ್ಲದಿದ್ದರೆ ಅದೇ ಆಜ್ಞೆಗೆ ‘ರಿನ್ಯೂ’ ಸೇರಿಸಿ ಕೊಡಬಹುದು. ಶಾಶ್ವತ ಪರಿಹಾರ ಎಂದರೆ, ಕಂಪ್ಯೂಟರ್ ಮಾತ್ರ ಜೋಡಿಸುವ ಪೋರ್ಟ್‌ಗಳಲ್ಲಿ ಈ ಕಾಯುವಿಕೆ ಬೇಡ ಎಂದು ಸ್ವಿಚ್‌ನಲ್ಲಿ ಹೊಂದಿಸುವುದು.

ವಿಳಾಸ ಬಂದಿದೆ, ಆದರೆ ಬೇರೆಯೇ ಜಾಲದ್ದು ಎಂದಾದರೆ ಎಚ್ಚರ ಬೇಕು. ನಮ್ಮ ಲ್ಯಾಬಿನ ವಿಳಾಸಗಳು 192.168.10 ಎಂದು ಶುರುವಾಗಬೇಕಿದ್ದಾಗ ಕೆಲವು ಯಂತ್ರಗಳಿಗೆ 192.168.0 ಎಂದು ಬಂದರೆ, ಯಾರೋ ಮನೆಯಲ್ಲಿ ಬಳಸುವ ವೈಫೈ ರೂಟರನ್ನು ತಂದು ಅದರ ಲ್ಯಾನ್ ಪೋರ್ಟನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸಿರುವ ಸಾಧ್ಯತೆ ಹೆಚ್ಚು. ಆ ರೂಟರ್ ತಾನೂ ಒಂದು ಡಿಎಚ್‌ಸಿಪಿ ಸರ್ವರ್. ಯಂತ್ರಗಳು ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಒಪ್ಪಿಕೊಳ್ಳುತ್ತವೆ. ಹೀಗಾಗಿ ಇಂದು ನಡೆದ ಯಂತ್ರ ನಾಳೆ ನಡೆಯುವುದಿಲ್ಲ, ಪಕ್ಕದ್ದಕ್ಕೆ ಏನೂ ಆಗಿರುವುದಿಲ್ಲ, ನೋಡುವವರಿಗೆ ದಿಕ್ಕೇ ತೋಚುವುದಿಲ್ಲ. ಬರೆದುಕೊಂಡ ಐದು ಸಾಲುಗಳಲ್ಲಿ ಡಿಎಚ್‌ಸಿಪಿ ಸರ್ವರ್ ಎಂಬ ಸಾಲು ಇಲ್ಲಿ ನೆರವಾಗುತ್ತದೆ. ಆ ವಿಳಾಸಕ್ಕೆ ಒಮ್ಮೆ ಪಿಂಗ್ ಮಾಡಿ, ಅಂದರೆ ಉತ್ತರ ಕೇಳುವ ಸಣ್ಣ ಪ್ಯಾಕೆಟ್ ಕಳಿಸಿ, ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್ ವಿಳಾಸ ಎಂದು ಹೇಳುವ ಎಆರ್‌ಪಿ ಪಟ್ಟಿಯಲ್ಲಿ ಅದರ ಮ್ಯಾಕ್ ವಿಳಾಸ (ತಯಾರಕರು ಯಂತ್ರದ ಜಾಲ ಸಲಕರಣೆಗೆ ಕೊಟ್ಟ ಗುರುತು) ನೋಡಿ. ಮ್ಯಾಕ್ ವಿಳಾಸದ ಮೊದಲ 24 ಬಿಟ್‌ಗಳು ತಯಾರಕರನ್ನು ಸೂಚಿಸುತ್ತವೆ; ಸ್ವಿಚ್ಚಿನ ಮ್ಯಾಕ್ ಪಟ್ಟಿ ಅದು ಯಾವ ಪೋರ್ಟಿನ ಆಚೆಗಿದೆ ಎಂದು ಹೇಳುತ್ತದೆ. ಪೋರ್ಟ್ ಸಿಕ್ಕರೆ ರೂಟರ್ ಸಿಕ್ಕಂತೆ. ಇದನ್ನು ಹುಡುಕುವ ಕೆಲಸ ವಿದ್ಯಾರ್ಥಿಗಳಿಗೇ ಬಿಡಿ. ಐಪಿ ವಿಳಾಸಕ್ಕೂ ಮ್ಯಾಕ್ ವಿಳಾಸಕ್ಕೂ ಏನು ಸಂಬಂಧ ಎಂದು ಆಮೇಲೆ ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಮಾಸ್ಕ್ ತಪ್ಪಿದಾಗ

ವಿದ್ಯಾರ್ಥಿಗಳು ಅತ್ಯಂತ ಕಡಿಮೆ ಗಮನ ಕೊಡುವ ಸಾಲು ಮಾಸ್ಕ್. 255.255.255.0 ಎಂಬುದನ್ನು ಮಂತ್ರದಂತೆ ಟೈಪ್ ಮಾಡುತ್ತಾರೆ. ಆದರೆ ‘ಇದು ನಾನಿರುವ ಜಾಲದ್ದೇ?’ ಎಂಬ ಪ್ರಶ್ನೆಗೆ ಉತ್ತರ ಹುಟ್ಟುವುದೇ ಅಲ್ಲಿ.

ತರಗತಿಯಲ್ಲಿ ಇದಕ್ಕೆ ನಾನು ಪಿನ್ ಕೋಡ್ ತೋರಿಸುತ್ತೇನೆ. ಕಾರವಾರ 581301, ಅಂಕೋಲಾ 581314, ಕುಮಟಾ 581343, ಶಿರಸಿ 581401. ದೂರದ ಊರಿನಲ್ಲಿ ಅಂಚೆ ವಿಂಗಡಿಸುವವರಿಗೆ 581 ಎಂಬ ಮೊದಲ ಮೂರು ಅಂಕಿ ಸಾಕು. ಚೀಲ ಇತ್ತ ಬಂದ ಮೇಲೆ ಮಾತ್ರ ಉಳಿದ ಅಂಕಿಗಳಿಗೆ ಬೆಲೆ. ಐಪಿ ವಿಳಾಸದಲ್ಲೂ ಎಡಭಾಗ ಜಾಲವನ್ನು, ಬಲಭಾಗ ಆ ಜಾಲದೊಳಗಿನ ಯಂತ್ರವನ್ನು ಹೇಳುತ್ತದೆ. ಪಿನ್ ಕೋಡಿನಲ್ಲಿ ಮೂರು ಅಂಕಿಗಳ ಗಡಿ ಎಲ್ಲ ಕಡೆಯೂ ಒಂದೇ. ಐಪಿ ವಿಳಾಸದ 32 ಬಿಟ್‌ಗಳಲ್ಲಿ ಆ ಗಡಿಯನ್ನು ಅತ್ತಿತ್ತ ಸರಿಸಬಹುದು, ಎಲ್ಲಿದೆ ಎಂದು ಹೇಳುವುದು ಮಾಸ್ಕ್. ಗಡಿ ಸರಿಸುವ ಈ ಸ್ವಾತಂತ್ರ್ಯ 1993ರಲ್ಲಿ ಬಂದದ್ದು. ಅದಕ್ಕೂ ಮೊದಲು ವಿಳಾಸಗಳನ್ನು ಎ, ಬಿ, ಸಿ ಎಂಬ ಸ್ಥಿರ ವರ್ಗಗಳಾಗಿ ಹಂಚಲಾಗುತ್ತಿತ್ತು. ಈಗಲೂ ಪ್ರಶ್ನೆಪತ್ರಿಕೆಗಳಲ್ಲಿ ಆ ವರ್ಗಗಳಿಗೇ ಹೆಚ್ಚು ಅಂಕ ಮೀಸಲಿಡುವುದು ನನಗೆ ಬೇಸರ ತರುತ್ತದೆ.

ಈಗ ದೋಷಕ್ಕೆ ಬರೋಣ. 192.168.10.0/24 ಜಾಲದಲ್ಲಿ, ಅಂದರೆ ಎಡಗಡೆಯ 24 ಬಿಟ್‌ಗಳು ಜಾಲವನ್ನು ಹೇಳುವಾಗ (ಮಾಸ್ಕ್ 255.255.255.0), 254 ಯಂತ್ರಗಳಿಗೆ ಜಾಗವಿದೆ. ಲ್ಯಾಬ್ ಬೆಳೆದಾಗ ಅದನ್ನು /23 ಮಾಡಿದರೆ, ಅಂದರೆ ಮಾಸ್ಕ್ 255.255.254.0 ಆದರೆ, 510 ಯಂತ್ರಗಳಿಗೆ ಜಾಗ ಸಿಗುತ್ತದೆ, 192.168.10 ಮತ್ತು 192.168.11 ಎರಡೂ ಒಂದೇ ಜಾಲವಾಗುತ್ತವೆ. ಕಾರಣ ಬಿಟ್‌ಗಳಲ್ಲಿದೆ: 10 ಎಂದರೆ 00001010, 11 ಎಂದರೆ 00001011. ಕೊನೆಯ ಒಂದು ಬಿಟ್ ಮಾತ್ರ ಬೇರೆ, /23ರಲ್ಲಿ ಆ ಬಿಟ್ ಗಡಿಯ ಬಲಕ್ಕೆ ಹೋಗಿದೆ. ಹಾಗೆಂದು 11 ಮತ್ತು 12 ಅಕ್ಕಪಕ್ಕದ ಸಂಖ್ಯೆಗಳಲ್ಲವೇ, ಅವೂ ಸೇರುತ್ತವೆ ಎಂದು ಯಾರಾದರೂ ಹೇಳೇ ಹೇಳುತ್ತಾರೆ. 12 ಎಂದರೆ 00001100. ಮೂರು ಬಿಟ್‌ಗಳು ಬದಲಾಗಿವೆ, ಸೇರುವುದಿಲ್ಲ. ಇದನ್ನು ಹಲಗೆಯ ಮೇಲೆ ಬರೆಸದೆ ಮುಂದೆ ಹೋಗಬೇಡಿ.

ಮಾಸ್ಕ್ ಬದಲಿಸುವಾಗ, ಕೈಯಿಂದ ವಿಳಾಸ ಕೊಟ್ಟ ಒಂದು ಹಳೆಯ ಯಂತ್ರ ಹಾಗೆಯೇ ಉಳಿಯಿತು ಎನ್ನಿ. ಅದರ ವಿಳಾಸ 192.168.10.25, ಮಾಸ್ಕ್ ಇನ್ನೂ /24. ಫೈಲ್ ಸರ್ವರ್ 192.168.11.40ರಲ್ಲಿ ಹೊಸ ಮಾಸ್ಕ್‌ನೊಂದಿಗೆ ಇದೆ. ಎರಡೂ ಒಂದೇ ಸ್ವಿಚ್ಚಿಗೆ ಜೋಡಿಸಿದವು. ಹಳೆಯ ಯಂತ್ರದಿಂದ ಸರ್ವರ್‌ಗೆ ಪಿಂಗ್ ಹೋಗುತ್ತದೆ, ಇಂಟರ್ನೆಟ್ ಬರುತ್ತದೆ, ಆದರೆ ಸರ್ವರ್‌ನ ಫೈಲ್‌ಗಳು ತೆರೆಯುವುದಿಲ್ಲ. ‘ಪಿಂಗ್ ಹೋಗುತ್ತಿದೆಯಲ್ಲ, ಜಾಲ ಸರಿ ಇದೆ, ಸರ್ವರ್ ಕೆಟ್ಟಿದೆ’ ಎಂದು ವಿದ್ಯಾರ್ಥಿಗಳು ತೀರ್ಮಾನಿಸುತ್ತಾರೆ.

ಒಂದೊಂದು ಯಂತ್ರದ ಉತ್ತರ ಓದಿ ನೋಡಿ. ಹಳೆಯ ಯಂತ್ರಕ್ಕೆ 11.40 ಹೊರಗಿನ ವಿಳಾಸವಾಗಿ ಕಾಣುತ್ತದೆ, ಪ್ಯಾಕೆಟ್ಟನ್ನು ಗೇಟ್‌ವೇಗೆ ಕೊಡುತ್ತದೆ. ಗೇಟ್‌ವೇ ಅದನ್ನು ಬಂದ ದಾರಿಯಲ್ಲೇ ಸರ್ವರ್‌ಗೆ ತಿರುಗಿಸುತ್ತದೆ. ಸರ್ವರ್‌ನ ಮಾಸ್ಕ್ ಪ್ರಕಾರ 10.25 ತನ್ನದೇ ಜಾಲದ್ದು, ಆದ್ದರಿಂದ ಉತ್ತರ ಗೇಟ್‌ವೇ ಮುಟ್ಟದೆ ನೇರವಾಗಿ ಬರುತ್ತದೆ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಪಿಂಗ್‌ಗೆ ಇದರಿಂದ ತೊಂದರೆಯಿಲ್ಲ. ಫೈಲ್ ತೆರೆಯಲು ಬೇಕಾದ ಟಿಸಿಪಿ ಸಂಪರ್ಕಕ್ಕೆ ಮೂರು ಹೆಜ್ಜೆಯ ಒಪ್ಪಂದ ಬೇಕು, ಮತ್ತು ಗೇಟ್‌ವೇಯಲ್ಲಿ ಸಂಚಾರಕ್ಕೆ ಕಾವಲಿರುವ ಫೈರ್‌ವಾಲ್ ಇದ್ದರೆ ಅದು ಆ ಒಪ್ಪಂದವನ್ನು ಗಮನಿಸುತ್ತಿರುತ್ತದೆ. ಅದಕ್ಕೆ ಮೊದಲ ಹೆಜ್ಜೆ ಕಂಡಿತು, ಸರ್ವರ್‌ನ ಎರಡನೆಯ ಹೆಜ್ಜೆ ಕಾಣಲಿಲ್ಲ, ಮೂರನೆಯದು ಬಂದಾಗ ‘ಇದು ನನಗೆ ಗೊತ್ತಿರುವ ಸಂಪರ್ಕವಲ್ಲ’ ಎಂದು ಬಿಸಾಡುತ್ತದೆ. ಸರ್ವರ್‌ನಲ್ಲಿ ಯಾವ ದೋಷವೂ ಇಲ್ಲ. ಹಳೆಯ ಯಂತ್ರದ ಮಾಸ್ಕ್‌ನಲ್ಲಿ ಒಂದು ಅಂಕಿ ಬದಲಿಸಿದರೆ ಮುಗಿಯಿತು.

ಮಾಸ್ಕ್ ಬೇಕಾದ್ದಕ್ಕಿಂತ ಅಗಲವಾದರೆ ಲಕ್ಷಣ ಬೇರೆ. ಅದೇ ಯಂತ್ರಕ್ಕೆ /16 ಕೊಟ್ಟರೆ, ಇನ್ನೊಂದು ಕಟ್ಟಡದ 192.168.20.30 ಕೂಡ ಪಕ್ಕದಲ್ಲೇ ಇದೆ ಎಂದು ನಂಬಿ, ಗೇಟ್‌ವೇಗೆ ಕೊಡದೆ, ಸ್ವಿಚ್ಚಿನ ಮೇಲೆ ಅದರ ಮ್ಯಾಕ್ ವಿಳಾಸ ಕೂಗಿ ಕೇಳುತ್ತದೆ. ಉತ್ತರ ಬರುವುದಿಲ್ಲ. ಆಗ ವಿಂಡೋಸ್‌ನಲ್ಲಿ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂಬ ಸಂದೇಶ ಯಂತ್ರದ ಸ್ವಂತ ವಿಳಾಸದಿಂದಲೇ ಬರುತ್ತದೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂಬುದಕ್ಕೂ ಇದಕ್ಕೂ ಅಜಗಜಾಂತರವಿದೆ. ‘ಅನ್‌ರೀಚಬಲ್’ ಎಂದಾಗ ಪ್ಯಾಕೆಟ್ ಮನೆಯಿಂದಲೇ ಹೊರಡಲಿಲ್ಲ. ‘ಟೈಮ್ಡ್ ಔಟ್’ ಎಂದಾಗ ಸಾಮಾನ್ಯವಾಗಿ ಹೊರಟಿದೆ, ಏನೂ ಮರಳಲಿಲ್ಲ. ‘ಪಿಂಗ್ ಫೇಲ್’ ಎಂದಷ್ಟೇ ಬರೆದ ಪ್ರಯೋಗ ಪುಸ್ತಕವನ್ನು ನಾನು ಹಿಂದಿರುಗಿಸುತ್ತೇನೆ. ಯಾವ ಸಂದೇಶ, ಯಾವ ವಿಳಾಸದಿಂದ ಬಂತು ಎಂಬುದು ಇರಲೇಬೇಕು.

ಹೋದದ್ದು ಮರಳದಿದ್ದಾಗ

ರೂಟಿಂಗ್ ಪಾಠದ ಜೀವಾಳ ಇಲ್ಲಿದೆ. ಲ್ಯಾಬಿನ ಮೂರು ರೂಟರ್‌ಗಳಿಗೆ ಕಾರವಾರ, ಕುಮಟಾ, ಶಿರಸಿ ಎಂದು ಚೀಟಿ ಅಂಟಿಸಿ, ಅದೇ ಕ್ರಮದಲ್ಲಿ ಜೋಡಿಸಿ. ಕಾರವಾರದ ಹಿಂದೆ 192.168.10.0/24, ಶಿರಸಿಯ ಹಿಂದೆ 192.168.20.0/24. ಕಾರವಾರ ಮತ್ತು ಕುಮಟಾ ನಡುವಿನ ಕೊಂಡಿ 10.0.1.0/30, ಕಾರವಾರದ ತುದಿ 10.0.1.1, ಕುಮಟಾದ ತುದಿ 10.0.1.2. ಕುಮಟಾ ಮತ್ತು ಶಿರಸಿ ನಡುವೆ 10.0.2.0/30, ಕುಮಟಾ 10.0.2.1, ಶಿರಸಿ 10.0.2.2. ದಾರಿಗಳನ್ನು ಕೈಯಿಂದಲೇ ಬರೆಯಲಿ. ದಾರಿಗಳನ್ನು ತಾವೇ ಕಲಿಯುವ ಓಎಸ್‌ಪಿಎಫ್ ಮುಂತಾದ ಪದ್ಧತಿಗಳನ್ನು ಇದಕ್ಕೂ ಮೊದಲು ಕಲಿಸುವುದು ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ. ರೂಟರ್‌ನ ಈ ದಾರಿಗಳ ಪಟ್ಟಿಯನ್ನು, ಅಂದರೆ ರೂಟಿಂಗ್ ಟೇಬಲ್ಲನ್ನು, ಕೈಯಿಂದ ಬರೆಯದವರಿಗೆ ಅದನ್ನು ಓದಲು ಬರುವುದಿಲ್ಲ.

ಈಗ ಬೇಕೆಂದೇ ದೋಷ ಮಾಡಿ. ಕಾರವಾರದ ರೂಟರ್‌ನಲ್ಲಿ 10.0.2.0/30ಕ್ಕೆ ದಾರಿ ಇರಲಿ, 192.168.20.0/24ಕ್ಕೆ ಇರುವ ದಾರಿ ತೆಗೆದುಬಿಡಿ. ಉಳಿದ ಎರಡು ರೂಟರ್‌ಗಳಲ್ಲಿ ಎಲ್ಲ ದಾರಿಗಳೂ ಇರಲಿ. ಶಿರಸಿಯ ಕಂಪ್ಯೂಟರ್ 192.168.20.30ರಿಂದ ಕಾರವಾರದ 192.168.10.25ಕ್ಕೆ ಪಿಂಗ್ ಮಾಡಿದರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’. ವಿದ್ಯಾರ್ಥಿ ಶಿರಸಿ ರೂಟರ್‌ಗೆ ಹೋಗಿ ಅಲ್ಲಿಂದಲೇ ಪಿಂಗ್ ಮಾಡುತ್ತಾನೆ. ಹೋಗುತ್ತದೆ! ಹಾಗಾದರೆ ದೋಷ ಶಿರಸಿಯ ಕಂಪ್ಯೂಟರ್‌ನಲ್ಲಿದೆ ಎಂದು ಅದರ ಮಾಸ್ಕ್, ಗೇಟ್‌ವೇ, ಕೇಬಲ್ ಎಲ್ಲವನ್ನೂ ಜಾಲಾಡುತ್ತಾನೆ. ಅಲ್ಲಿ ಎಲ್ಲವೂ ಸರಿ ಇದೆ.

ದಾರಿಯಲ್ಲಿರುವ ರೂಟರ್‌ಗಳನ್ನು ಒಂದೊಂದು ಸಾಲಿನಲ್ಲಿ ತೋರಿಸುವ ಟ್ರೇಸರ್ಟ್ ಆಜ್ಞೆ ಇನ್ನಷ್ಟು ದಾರಿ ತಪ್ಪಿಸುತ್ತದೆ. ಮೊದಲ ಸಾಲಿನಲ್ಲಿ ಶಿರಸಿ ರೂಟರ್‌ನ ಒಳಬದಿಯ ವಿಳಾಸ 192.168.20.1, ಎರಡನೆಯದರಲ್ಲಿ ಕುಮಟಾದ 10.0.2.1, ಆಮೇಲೆ ಬರೀ ನಕ್ಷತ್ರಗಳು. ನೋಡಿದವರೆಲ್ಲ ಪ್ಯಾಕೆಟ್ ಕುಮಟಾದಲ್ಲಿ ನಿಂತಿತು ಎನ್ನುತ್ತಾರೆ. ನಿಂತಿಲ್ಲ. ಪ್ಯಾಕೆಟ್ ಕಾರವಾರದ ಕಂಪ್ಯೂಟರ್ ತಲುಪಿದೆ, ಆ ಕಂಪ್ಯೂಟರ್ ಉತ್ತರವನ್ನೂ ಕೊಟ್ಟಿದೆ. ಉತ್ತರದ ಗುರಿ 192.168.20.30. ಕಾರವಾರದ ರೂಟರ್ ಆ ಜಾಲ ಎಲ್ಲಿದೆಯೆಂದು ತಿಳಿಯದೆ ಅಲ್ಲೇ ಬಿಸಾಡಿತು. ಟ್ರೇಸರ್ಟ್‌ನ ಮೂರನೆಯ ಸಾಲಿಗೆ ಕಾರವಾರದ ರೂಟರ್ ತಾನೇ ಉತ್ತರ ಕೊಡಬೇಕಿತ್ತು. ಅದಕ್ಕೂ ಅದೇ ದಾರಿ ಬೇಕು, ಅದಕ್ಕೂ ಗೊತ್ತಿಲ್ಲ. ಶಿರಸಿ ರೂಟರ್‌ನಿಂದ ಪಿಂಗ್ ಹೋದದ್ದು ಯಾಕೆ? ರೂಟರ್ ಸ್ವತಃ ಪಿಂಗ್ ಮಾಡುವಾಗ, ಪ್ಯಾಕೆಟ್ ಹೊರಡುವ ಪೋರ್ಟಿನ ವಿಳಾಸವನ್ನೇ ಕಳಿಸುವವರ ವಿಳಾಸವಾಗಿ ಹಾಕುತ್ತದೆ. ಅದು 10.0.2.2. ಅಲ್ಲಿಗೆ ಮರಳುವ ದಾರಿ ಕಾರವಾರಕ್ಕೆ ಗೊತ್ತು. ರೂಟರ್‌ನಲ್ಲಿ ವಿಸ್ತೃತ ಪಿಂಗ್ ಬಳಸಿ, ಕಳಿಸುವ ವಿಳಾಸವನ್ನು 192.168.20.1 ಎಂದು ಬದಲಿಸಿದರೆ ಅಲ್ಲಿಂದಲೂ ಹೋಗುವುದು ನಿಲ್ಲುತ್ತದೆ. ದೋಷ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಇನ್ನೂ ಒಂದು ಹೆಜ್ಜೆ ಇದೆ, ಅದನ್ನು ಬಿಡಬೇಡಿ. ಕಾರವಾರದ ಕಂಪ್ಯೂಟರ್‌ನಲ್ಲಿ, ಬಂದು ಹೋಗುವ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಹಚ್ಚಿ ಇಡಿ. ಶಿರಸಿಯಿಂದ ಬಂದ ಪ್ರಶ್ನೆ ಕಾಣುತ್ತದೆ, ಹೊರಟ ಉತ್ತರ ಕಾಣುತ್ತದೆ, ಜೊತೆಗೆ ‘ಆ ಜಾಲಕ್ಕೆ ದಾರಿಯಿಲ್ಲ’ ಎಂದು ಕಾರವಾರದ ರೂಟರ್ ಕಳಿಸುವ ಐಸಿಎಂಪಿ (ಪಿಂಗ್ ಮತ್ತು ದೋಷದ ಸುದ್ದಿಗಳನ್ನು ಸಾಗಿಸುವ ಪದ್ಧತಿ) ಸಂದೇಶವೂ ಕಾಣುತ್ತದೆ. ಬಿಸಾಡಿದ ಪ್ಯಾಕೆಟ್ ಯಾರು ಕಳಿಸಿದ್ದರೋ ಅವರಿಗೇ ರೂಟರ್ ಸುದ್ದಿ ಮುಟ್ಟಿಸುತ್ತದೆ. ಉತ್ತರ ಕಳಿಸಿದ್ದು ಕಾರವಾರದ ಕಂಪ್ಯೂಟರ್, ಆದ್ದರಿಂದ ಸುದ್ದಿ ಅಲ್ಲಿಗೆ ಹೋಯಿತು. ಕಾಯುತ್ತಾ ಕುಳಿತ ಶಿರಸಿಯ ವಿದ್ಯಾರ್ಥಿಗೆ ಏನೂ ತಿಳಿಯಲಿಲ್ಲ. ಪರಿಹಾರ ಒಂದೇ ಸಾಲು: ಕಾರವಾರದಲ್ಲಿ 192.168.20.0/24ಕ್ಕೆ ಮುಂದಿನ ವಿಳಾಸ 10.0.1.2 ಎಂದು ಬರೆಯುವುದು. ಈ ಪ್ರಯೋಗದ ನಂತರ ವಿದ್ಯಾರ್ಥಿಗಳು ಪಿಂಗ್ ನಿಂತಾಗ ಎರಡೂ ಬದಿಯ ಟೇಬಲ್ ನೋಡಲು ಶುರುಮಾಡುತ್ತಾರೆ. ಪರದೆಯ ಮೇಲೆಯೇ ಜಾಲ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶದಲ್ಲೂ ಇದನ್ನು ಮಾಡಬಹುದು, ಮನೆಯಲ್ಲಿ ಅಭ್ಯಾಸಕ್ಕೆ ಅದು ಒಳ್ಳೆಯದು. ಮೊದಲ ಬಾರಿ ಮಾತ್ರ ನಿಜವಾದ ಪೆಟ್ಟಿಗೆಗಳ ಮೇಲೆಯೇ ಆಗಲಿ.

ಇದೇ ಜೋಡಣೆಯಲ್ಲಿ ಸುತ್ತುವ ಪ್ಯಾಕೆಟ್ಟನ್ನೂ ತೋರಿಸಬಹುದು. ಕುಮಟಾದಲ್ಲಿ ‘ಗೊತ್ತಿಲ್ಲದ್ದೆಲ್ಲ ಕಾರವಾರಕ್ಕೆ’ ಎಂಬ ಡೀಫಾಲ್ಟ್ ದಾರಿ, ಕಾರವಾರದಲ್ಲಿ ‘192.168.0.0/16 ಪೂರ್ತಿ ಕುಮಟಾಕ್ಕೆ’ ಎಂಬ ದಾರಿ ಕೊಡಿ. ಯಾರಿಗೂ ಸೇರದ 192.168.30.7ಕ್ಕೆ ಪಿಂಗ್ ಮಾಡಿದರೆ ಇಬ್ಬರೂ ಒಬ್ಬರಿಗೊಬ್ಬರು ಒಪ್ಪಿಸುತ್ತಲೇ ಇರುತ್ತಾರೆ. ಪ್ರತಿ ರೂಟರ್ ಪ್ಯಾಕೆಟ್ಟಿನ ಟಿಟಿಎಲ್ ಅಂಕಿಯನ್ನು ಒಂದೊಂದು ಕಡಿಮೆ ಮಾಡುವುದರಿಂದ ಅದು ಕೊನೆಗೊಮ್ಮೆ ಸಾಯುತ್ತದೆ. ವಿಂಡೋಸ್ 128ರಿಂದ, ಲಿನಕ್ಸ್ 64ರಿಂದ ಎಣಿಕೆ ಶುರುಮಾಡುತ್ತವೆ. ‘ಟಿಟಿಎಲ್ ಎಕ್ಸ್‌ಪೈರ್ಡ್ ಇನ್ ಟ್ರಾನ್ಸಿಟ್’ ಎಂಬ ಸಂದೇಶ, ಟ್ರೇಸರ್ಟ್‌ನಲ್ಲಿ ಅವೇ ಎರಡು ವಿಳಾಸಗಳ ಪುನರಾವರ್ತನೆ, ಇವೆರಡು ಒಟ್ಟಿಗೆ ಕಂಡರೆ ದಾರಿ ಸುತ್ತುತ್ತಿದೆ ಎಂದು ತಿಳಿಯಿರಿ.

ಆದರೆ 192.168.20.30ಕ್ಕೆ ಪಿಂಗ್ ಮಾಡಿದರೆ ಸುತ್ತುವುದಿಲ್ಲ. ಕುಮಟಾದಲ್ಲಿ ಡೀಫಾಲ್ಟ್ ಜೊತೆಗೆ 192.168.20.0/24 ಎಂಬ ಹೆಚ್ಚು ನಿಖರವಾದ ದಾರಿಯೂ ಇದೆ. ಎರಡು ದಾರಿ ಹೊಂದಿದಾಗ ಹೆಚ್ಚು ಬಿಟ್‌ಗಳು ಹೊಂದುವ ದಾರಿಯೇ ಗೆಲ್ಲುತ್ತದೆ. ಈ ಸಣ್ಣ ನಿಯಮದ ಬಲ ಎಷ್ಟೆಂದು 2008ರ ಫೆಬ್ರುವರಿ 24ರಂದು ಜಗತ್ತು ಕಂಡಿತು. ಯೂಟ್ಯೂಬ್ ತನ್ನ ವಿಳಾಸಗಳನ್ನು 208.65.152.0/22 ಎಂದು ಸಾರಿತ್ತು. ಪಾಕಿಸ್ತಾನ ಟೆಲಿಕಾಂ ದೇಶದೊಳಗೆ ಆ ತಾಣ ತಡೆಯಲು ಹಾಕಿದ 208.65.153.0/24 ಎಂಬ ದಾರಿ ಹೊರಜಗತ್ತಿಗೂ ಸೋರಿತು. ರೂಟರ್‌ಗಳು ಹೆಚ್ಚು ನಿಖರವಾದ /24 ಅನ್ನೇ ನಂಬಿದವು, ಸುಮಾರು ಎರಡು ತಾಸು ಯೂಟ್ಯೂಬ್ ಜಗತ್ತಿನ ಬಹುಭಾಗಕ್ಕೆ ಸಿಗಲಿಲ್ಲ. ಯೂಟ್ಯೂಬ್ ತಾನೂ /24, ಆಮೇಲೆ ಎರಡು /25 ಎಂದು ಇನ್ನೂ ನಿಖರವಾಗಿ ಸಾರಿ ಉತ್ತರ ಕೊಟ್ಟಿತು. ಮೇಜಿನ ಮೇಲಿನ ಮೂರು ರೂಟರ್‌ಗಳ ನಿಯಮ, ಇಡೀ ಇಂಟರ್ನೆಟ್‌ನ ನಿಯಮ ಒಂದೇ ಎಂದು ವಿದ್ಯಾರ್ಥಿಗಳಿಗೆ ತಟ್ಟುವುದು ಈ ಘಟನೆಯಿಂದ.

ಕಟ್ಟಡದ ಹೊರಗೆ

ಒಳಗೆ ಎಲ್ಲ ಸರಿ ಇದ್ದು ಹೊರಗೆ ಹೋಗದಿದ್ದರೆ ಗಡಿಯ ರೂಟರ್‌ನ ಹೊರಮುಖದ ವಿಳಾಸ ನೋಡಬೇಕು. 10.0.0.0/8, 172.16.0.0/12, 192.168.0.0/16 ಎಂಬ ಮೂರು ಗುಂಪುಗಳು 1996ರ ನಿಯಮದ ಪ್ರಕಾರ ಖಾಸಗಿ ಬಳಕೆಗೆ. ಇಂಟರ್ನೆಟ್‌ನಲ್ಲಿ ಇವಕ್ಕೆ ದಾರಿ ಇರುವುದಿಲ್ಲ. ಗಡಿಯಲ್ಲಿ ವಿಳಾಸ ಬದಲಿಸುವ ನ್ಯಾಟ್ ಕೆಲಸ ಮಾಡಲೇಬೇಕು.

ಶಿರಸಿ, ಸಿದ್ದಾಪುರದ ಕಡೆಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಮನೆಯ ಎರಡು ದೋಷಗಳ ಬಗ್ಗೆ ಕೇಳುತ್ತಾರೆ. ಒಂದು, ಫೈಬರ್ ಪೆಟ್ಟಿಗೆಯ ಆಚೆ ಇನ್ನೊಂದು ವೈಫೈ ರೂಟರ್ ಜೋಡಿಸಿದಾಗ ವೈಫೈ ಗೆರೆಗಳು ತುಂಬಿದ್ದರೂ ಏನೂ ತೆರೆಯದಿರುವುದು. ಎರಡೂ ಪೆಟ್ಟಿಗೆಗಳು 192.168.1.1 ಎಂದೇ ಬಂದಿದ್ದರೆ, ಒಳಗಿನ ರೂಟರ್‌ಗೆ ತನ್ನ ಎರಡೂ ಬದಿಗಳಲ್ಲಿ ಒಂದೇ ಜಾಲ ಕಾಣುತ್ತದೆ, ಯಾವ ಬದಿಗೆ ಕೊಡಬೇಕೆಂದು ತಿಳಿಯುವುದಿಲ್ಲ. ಒಳಗಿನದನ್ನು 192.168.50.1 ಎಂದು ಬದಲಿಸಿ, ಇಲ್ಲವೇ ಬರೀ ಆಕ್ಸೆಸ್ ಪಾಯಿಂಟ್ ಆಗಿ ಬಳಸಿ. ಕೆಲವು ಹೊಸ ರೂಟರ್‌ಗಳು ಇದನ್ನು ತಾವೇ ಗುರುತಿಸಿ ಬದಲಿಸಿಕೊಳ್ಳುತ್ತವೆ.

ಇನ್ನೊಂದು, ತೋಟದ ಮನೆಗೆ ಹಾಕಿದ ಕ್ಯಾಮೆರಾ ಬೆಂಗಳೂರಿನಿಂದ ಕಾಣದಿರುವುದು. ಹೊರಗಿನ ಸಂಪರ್ಕವನ್ನು ಒಳಬಿಡಲು ರೂಟರ್‌ನಲ್ಲಿ ಪೋರ್ಟ್ ತೆರೆದರೂ ಕಾಣುವುದಿಲ್ಲ. ರೂಟರ್‌ನ ಹೊರವಿಳಾಸ 100.64.0.0 ಮತ್ತು 100.127.255.255ರ ನಡುವೆ ಇದ್ದರೆ ಕಾರಣ ಸಿಕ್ಕಿತು: ಸಂಪರ್ಕ ಕೊಟ್ಟ ಸಂಸ್ಥೆ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದೆ. ಈ ಗುಂಪನ್ನು ಅದಕ್ಕೆಂದೇ 2012ರಲ್ಲಿ ಮೀಸಲಿಟ್ಟರು. ಐಪಿವಿ4ನಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಾಗತಿಕ ದಾಸ್ತಾನಿನ ಕೊನೆಯ ಗುಂಪುಗಳು 2011ರ ಫೆಬ್ರುವರಿ 3ರಂದು ಹಂಚಿಕೆಯಾಗಿ ಮುಗಿದವು. ಹೊರಗಿನಿಂದ ಶುರುವಾದ ಸಂಪರ್ಕ ಯಾವ ಮನೆಗೆ ಸೇರಬೇಕೆಂದು ಆ ಹಂಚಿಕೆಯ ಯಂತ್ರಕ್ಕೆ ತಿಳಿಯುವುದಿಲ್ಲ. ಕ್ಯಾಮೆರಾ ತಾನೇ ಹೊರಗಿನ ಸರ್ವರ್‌ಗೆ ಸಂಪರ್ಕ ಮಾಡುವಂತಿದ್ದರೆ ನಡೆಯುತ್ತದೆ, ಇಲ್ಲವೇ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು, ಅಥವಾ 128 ಬಿಟ್‌ಗಳ ಐಪಿವಿ6 ಬಳಸಬೇಕು.

ಗೂಗಲ್‌ನ 8.8.8.8ಕ್ಕೆ ಪಿಂಗ್ ಹೋಗಿ ಹೆಸರಿನಿಂದ ತಾಣ ತೆರೆಯದಿದ್ದರೆ ಡಿಎನ್‌ಎಸ್ ಕಡೆ ನೋಡಿ. ಹೆಸರಿನ ವಿಳಾಸ ಕೇಳುವ ಎನ್‌ಎಸ್‌ಲುಕಪ್ ಆಜ್ಞೆಯಲ್ಲಿ ಬೇರೆ ಡಿಎನ್‌ಎಸ್ ಸರ್ವರ್ ಕೊಟ್ಟು ಕೇಳಿದರೆ ಗೊತ್ತಾಗುತ್ತದೆ. ಡಿಎನ್‌ಎಸ್ ದೋಷದಂತೆ ಕಂಡದ್ದು ರೂಟಿಂಗ್ ದೋಷವೂ ಆಗಿರಬಹುದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ತಾಸು ಕಾಣೆಯಾದಾಗ ಬಳಕೆದಾರರಿಗೆ ಕಂಡದ್ದು ಹೆಸರು ಸಿಗುತ್ತಿಲ್ಲ ಎಂದು. ಅದರ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗುವ ದಾರಿಗಳ ಸಾರಿಕೆಯೇ ಹಿಂತೆಗೆದು ಹೋಗಿತ್ತು.

ಹೊರಗಿನ ಟ್ರೇಸರ್ಟ್ ಓದುವಾಗ ನಡುವೆ ಒಂದು ಸಾಲಿನಲ್ಲಿ ನಕ್ಷತ್ರ ಬಂದು ಮುಂದಿನ ಸಾಲುಗಳು ಉತ್ತರಿಸಿದರೆ ಅದು ದೋಷವಲ್ಲ. ಆ ರೂಟರ್ ಪ್ಯಾಕೆಟ್ ದಾಟಿಸಿದೆ, ತಾನು ಉತ್ತರ ಕೊಡಲಿಲ್ಲ ಅಷ್ಟೇ. ವಿಂಡೋಸ್‌ನ ಟ್ರೇಸರ್ಟ್ ಐಸಿಎಂಪಿ ಬಳಸುತ್ತದೆ, ಲಿನಕ್ಸ್‌ನದು ಸಾಮಾನ್ಯವಾಗಿ ಯುಡಿಪಿ ಎಂಬ ಬೇರೆ ಬಗೆಯ ಪ್ಯಾಕೆಟ್. ಒಂದನ್ನು ತಡೆಯುವ ಫೈರ್‌ವಾಲ್ ಇನ್ನೊಂದನ್ನು ಬಿಟ್ಟಿರಬಹುದು. ಸಮಯದ ಅಂಕಿಗೂ ಒಂದು ಅಳತೆಗೋಲು ಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕಾರವಾರದಿಂದ ಬೆಂಗಳೂರಿಗೆ ರಸ್ತೆಯಲ್ಲಿ 500 ಕಿಲೋಮೀಟರ್‌ಗೂ ತುಸು ಹೆಚ್ಚು. ಫೈಬರ್ ಆ ರಸ್ತೆಯನ್ನೇ ಹಿಡಿದಿದ್ದರೆ ಹೋಗಿ ಬರಲು 5 ಮಿಲಿಸೆಕೆಂಡಿಗಿಂತ ಕಡಿಮೆ ಆಗದು. 30 ಬಂದರೆ ದಾರಿ ಬೇರೆ ನಗರ ಸುತ್ತಿ ಬಂದಿರಬಹುದು, 200 ಬಂದರೆ ಸರ್ವರ್ ಸಮುದ್ರದಾಚೆ ಇರುವ ಸಾಧ್ಯತೆ ಹೆಚ್ಚು.

ಇಷ್ಟೆಲ್ಲ ನೋಡಿ ದೋಷ ಹೊರಗೇ ಇದೆ ಎಂದು ಖಚಿತವಾದ ಮೇಲೆ ಸಂಪರ್ಕ ಕೊಟ್ಟ ಸಂಸ್ಥೆಗೆ ದೂರು ಬರೆಸಿ, ಅದನ್ನೂ ವಿದ್ಯಾರ್ಥಿಯೇ ಬರೆಯಲಿ. ಶುರುವಾದ ಹೊತ್ತು, ಗಡಿ ರೂಟರ್‌ನ ಹೊರವಿಳಾಸ, ಟ್ರೇಸರ್ಟ್‌ನಲ್ಲಿ ಉತ್ತರ ಕೊಟ್ಟ ಕೊನೆಯ ಹಾಪ್ (ದಾರಿಯ ರೂಟರ್), ಯಾವ ಗುರಿಗಳಿಗೆ ಹೋಗುತ್ತಿದೆ, ಯಾವುದಕ್ಕೆ ಇಲ್ಲ, ನೂರು ಪಿಂಗ್‌ಗಳಲ್ಲಿ ಎಷ್ಟು ಮರಳಲಿಲ್ಲ, ಇವು ದೂರಿನಲ್ಲಿ ಇರಲಿ. ಸಾಧ್ಯವಾದರೆ ಹೊರಗಿನ ಸಂಪರ್ಕವೊಂದರಿಂದ, ಉದಾಹರಣೆಗೆ ಮೊಬೈಲ್ ಹಾಟ್‌ಸ್ಪಾಟ್‌ನಿಂದ, ನಿಮ್ಮ ಗಡಿ ರೂಟರ್ ಕಡೆಗೆ ಮಾಡಿದ ಟ್ರೇಸರ್ಟ್ ಕೂಡ ಸೇರಿಸಿ. ಮರಳುವ ದಾರಿಯಲ್ಲಿ ದೋಷವಿದ್ದರೆ ಒಂದೇ ಬದಿಯ ಟ್ರೇಸರ್ಟ್ ನೋಡಿದ ತಂತ್ರಜ್ಞರಿಗೂ ಅದು ಕಾಣುವುದಿಲ್ಲ.